ರಕ್ಷಣೆ ಹೊಂದಿದ ತಾರೀಖು ನನಗೆ ಗೊತ್ತಿಲ್ಲ. ನಿಶ್ಚಯವನ್ನು ಎಲ್ಲಿ ಹುಡುಕಲಿ?

ಪ್ರಶ್ನೆ: ದಾವಣಗೆರೆಯ ಶಿಕ್ಷಕಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಈ ಪ್ರಶ್ನೆಯನ್ನು ನಮ್ಮ ಸಭೆಯಲ್ಲಿ ಕೇಳುವುದಕ್ಕೆ ನನಗೆ ಸಂಕೋಚ. ಹನ್ನೊಂದು ವರ್ಷಗಳಿಂದ ಅಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು. ಪಾಠ ಹೇಳುವವಳಿಗೇ ತನ್ನ ರಕ್ಷಣೆಯ ನಿಶ್ಚಯವಿಲ್ಲವೆಂದು ತಿಳಿದರೆ ನಾಳೆ ಯಾವ ತಾಯಿ ತನ್ನ ಮಗುವನ್ನು ನನ್ನ ಮುಂದೆ ಕೂರಿಸಿಯಾಳು ಎಂಬ ಅಳುಕಿನಿಂದ ಇಷ್ಟು ದಿನ ಸುಮ್ಮನಿದ್ದೆ.

ನಮ್ಮದು ಮೂರು ತಲೆಮಾರುಗಳಿಂದ ಕ್ರೈಸ್ತ ಕುಟುಂಬ. ಅಜ್ಜ ಇಲ್ಲಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ದಾವಣಗೆರೆಯೇ ನಮ್ಮ ಊರು. ಕೂಸಾಗಿದ್ದಾಗ ದೀಕ್ಷಾಸ್ನಾನವಾಯಿತು, ಹೈಸ್ಕೂಲಿನಲ್ಲಿದ್ದಾಗ ದೃಢೀಕರಣವಾಯಿತು, ಅಜ್ಜಿಯ ಸೆರಗು ಹಿಡಿದು ಆರಾಧನೆಗೆ ಹೋದದ್ದನ್ನು ಬಿಟ್ಟರೆ ಬಾಲ್ಯದ ಭಾನುವಾರಗಳ ಬೇರೆ ನೆನಪೇ ಇಲ್ಲ. ಯೇಸುಸ್ವಾಮಿಯನ್ನು ನಂಬದೆ ಇದ್ದ ಒಂದು ದಿನವನ್ನು ತೋರಿಸು ಎಂದರೆ ತೋರಿಸಲಾರೆ. ನಂಬಲು ತೊಡಗಿದ ದಿನವನ್ನು ತೋರಿಸು ಎಂದರೂ ತೋರಿಸಲಾರೆ. ತೊಂದರೆ ಶುರುವಾದದ್ದು ಈ ಎರಡನೆಯದರಿಂದ.

ಎರಡು ವರ್ಷಗಳ ಹಿಂದೆ ಊರಿನಲ್ಲಿ ಮೂರು ದಿನಗಳ ಉಜ್ಜೀವನ ಕೂಟ ನಡೆಯಿತು. ಹೊರಗಿನಿಂದ ಬಂದಿದ್ದ ಬೋಧಕರು ಕೊನೆಯ ರಾತ್ರಿ, ಹುಟ್ಟಿದ ತಾರೀಖು ಇಲ್ಲದವನು ಹುಟ್ಟಿಯೇ ಇಲ್ಲ, ಹಾಗೆಯೇ ಹೊಸದಾಗಿ ಹುಟ್ಟಿದ ತಾರೀಖನ್ನು ಹೇಳಲಾಗದವನು ಇನ್ನೂ ಪಾಪದಲ್ಲಿಯೇ ಇದ್ದಾನೆ ಎಂದು ಹೇಳಿ, ಎಲ್ಲರೂ ತಮ್ಮ ತಮ್ಮ ಸತ್ಯವೇದದ ಕೊನೆಯ ಖಾಲಿ ಪುಟದಲ್ಲಿ ಆ ತಾರೀಖನ್ನು ಬರೆಯಬೇಕೆಂದರು. ಅಕ್ಕಪಕ್ಕದವರು ಬರೆದರು. ನನ್ನ ಪೆನ್ನು ಮಾತ್ರ ಕಾಗದದ ಮೇಲೆ ಒಂದು ಚುಕ್ಕೆಯಿಟ್ಟು ಅಲ್ಲೇ ನಿಂತಿತು. ಕೊನೆಗೆ ಅಂದಿನ ತಾರೀಖನ್ನೇ ಬರೆದು, ಪಶ್ಚಾತ್ತಾಪದ ಪ್ರಾರ್ಥನೆಯನ್ನು ಮನಸಾರೆ ಹೇಳಿದೆ. ಮೂರು ವಾರ ಸಮಾಧಾನವಿತ್ತು. ಆಮೇಲೆ, ಅಂದು ಹೇಳಿದ್ದು ನಿಜವಾಗಿ ಮನಸಾರೆಯೋ ಅಥವಾ ಜನ ನೋಡುತ್ತಿದ್ದಾರೆಂದೋ ಎಂಬ ಸಂಶಯ ಹುಟ್ಟಿ, ಇನ್ನೊಮ್ಮೆ ಹೇಳಿ, ಹಳೆಯ ತಾರೀಖಿನ ಮೇಲೆ ಗೀಟೆಳೆದು ಹೊಸದನ್ನು ಬರೆದೆ. ಈಗ ಆ ಪುಟದಲ್ಲಿ ಒಂಬತ್ತು ತಾರೀಖುಗಳಿವೆ. ಎಂಟರ ಮೇಲೆ ಗೀಟಿದೆ. ಮೊನ್ನೆ ಏಳು ವರ್ಷದ ಮಗಳು ಆ ಪುಟವನ್ನು ತೆಗೆದು, "ಅಮ್ಮಾ, ಇದು ಹಾಲಿನ ಲೆಕ್ಕವಾ?" ಎಂದು ಕೇಳಿದಳು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಪ್ರಾರ್ಥನೆಯನ್ನು ಹೇಳಲು ತೊಡಗುತ್ತೇನೆ. ನಡುವೆ ಮನಸ್ಸು ಒಂದಿಷ್ಟು ಆಚೀಚೆ ಹೋದರೆ ಮತ್ತೆ ಮೊದಲಿನಿಂದ. ಕೆಲವು ರಾತ್ರಿ ಒಂದು ಗಂಟೆಯಾಗುತ್ತದೆ. ಪ್ರಾರ್ಥನೆಯ ನಡುವೆಯೇ ದೇವರ ಕುರಿತು ಬಾಯಿಬಿಟ್ಟು ಹೇಳಲಾಗದಂತಹ ಕೆಟ್ಟ ಮಾತುಗಳು ಮನಸ್ಸಿಗೆ ನುಗ್ಗುತ್ತವೆ. ಆಗ ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದ ಕ್ಷಮೆಯಿಲ್ಲದ ಪಾಪ ನೆನಪಾಗಿ ಕೈಕಾಲು ತಣ್ಣಗಾಗುತ್ತವೆ. ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆನ್ನುವ, ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು ಓದುವುದನ್ನೇ ಬಿಟ್ಟಿದ್ದೇನೆ. ಅಯೋಗ್ಯವಾಗಿ ತಿಂದು ನ್ಯಾಯತೀರ್ಪಿಗೆ ಗುರಿಯಾದೇನೆಂಬ ಭಯದಿಂದ ಐದು ತಿಂಗಳಿಂದ ಕರ್ತನ ಭೋಜನಕ್ಕೂ ಎದ್ದು ಹೋಗಿಲ್ಲ. ಮೊಣಕಾಲು ನೋವೆಂದು ಮನೆಯಲ್ಲಿ ಸುಳ್ಳು ಹೇಳಿದ್ದೇನೆ. ಈಗ ಆ ಸುಳ್ಳೂ ಲೆಕ್ಕಕ್ಕೆ ಸೇರಿದೆ.

ನನ್ನ ಪ್ರಶ್ನೆ ಇಷ್ಟೇ. ತಾನು ರಕ್ಷಣೆ ಹೊಂದಿದ್ದೇನೆಂದು ಒಬ್ಬ ವಿಶ್ವಾಸಿಗೆ ನಿಶ್ಚಯವಾಗಿ ತಿಳಿಯಲು ಸಾಧ್ಯವೇ? ಸಾಧ್ಯವಾದರೆ ಆ ನಿಶ್ಚಯ ಎಲ್ಲಿಂದ ಬರಬೇಕು? ದಯವಿಟ್ಟು "ಸುಮ್ಮನೆ ನಂಬಿರಿ" ಎಂದು ಮಾತ್ರ ಉತ್ತರಿಸಬೇಡಿ. ನಂಬಿದ್ದೇನೋ ಇಲ್ಲವೋ ಎಂಬುದೇ ನನ್ನ ಸಂಶಯ.

ಉತ್ತರ: ಕೋಟೆಯ ಕೆಳಗಿನವರು, ಚಿತ್ರದುರ್ಗ

ಅಮ್ಮಾ, ಮೊದಲು ತಾರೀಖಿನ ವಿಷಯವನ್ನು ಮುಗಿಸೋಣ. ಶಾಲೆಯ ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಜೂನ್ 1ರಂದು. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಹುಡುಗರು ಹುಟ್ಟಿದ್ದೂ ಅಂದೇ. ಶಾಲೆಗೆ ಸೇರಿಸಲು ಬಂದ ಅಪ್ಪಂದಿರಿಗೆ ತಾರೀಖು ಗೊತ್ತಿಲ್ಲದ್ದರಿಂದ ಮೇಷ್ಟ್ರು ತಾವೇ ಅಂದಾಜು ಮಾಡಿ ಬರೆದುಕೊಂಡರು. ಅವ್ವನನ್ನು ಕೇಳಿದರೆ, "ಆ ಸಲದ ರಾಗಿ ಕೊಯ್ಲಿಗೆ ನೀನು ಅಂಬೆಗಾಲಿಡುತ್ತಿದ್ದೆ" ಎನ್ನುತ್ತಿದ್ದಳು. ಆ ಬೋಧಕರ ತರ್ಕವನ್ನು ಒಪ್ಪುವುದಾದರೆ ನಮ್ಮ ಜಿಲ್ಲೆಯಲ್ಲಿ ನನ್ನ ವಯಸ್ಸಿನ ಬಹಳ ಮಂದಿ ಇನ್ನೂ ಹುಟ್ಟಿಲ್ಲ.

ಸತ್ಯವೇದದಲ್ಲಿ ಪೌಲನಿಗೆ ತಾರೀಖಿದೆ, ದಮಸ್ಕದ ದಾರಿಯಿದೆ, ನಡುಹಗಲಿನ ಬೆಳಕಿದೆ. ಅದೇ ಪೌಲನು ತಿಮೊಥೆಗೆ ಎರಡನೆಯ ಪತ್ರಿಕೆಯನ್ನು ಬರೆಯುವಾಗ, ನಿನ್ನ ದಾರಿ ಎಲ್ಲಿತ್ತು, ಬೆಳಕು ಎಷ್ಟು ಹೊತ್ತಿಗೆ ಬಂತು ಎಂದು ವಿಚಾರಿಸುವುದಿಲ್ಲ. ಮೊದಲು ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇದ್ದ ನಂಬಿಕೆ ನಿನ್ನಲ್ಲಿಯೂ ಇದೆಯೆಂದು ನನಗೆ ನಿಶ್ಚಯವಿದೆ ಎಂಬ ಅರ್ಥದ ಮಾತನ್ನು ಬರೆಯುತ್ತಾನೆ. ನಿಮ್ಮ ಅಜ್ಜಿಯ ಸೆರಗನ್ನು ಅಷ್ಟು ಹಗುರವಾಗಿ ಕಾಣಬೇಡಿ.

ತಾರೀಖು ಕೇಳುವ ಈ ವಾಡಿಕೆಗೆ ಒಂದು ಹಿನ್ನೆಲೆಯಿದೆ. ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಆ ಪರಂಪರೆಯಲ್ಲಿ ಬೆಳೆದವರೆಲ್ಲ ಅದರ ಮೂಲಪುರುಷ, ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿಯ ಕಥೆಯನ್ನು ಕೇಳಿಯೇ ಇರುತ್ತಾರೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನು ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ಒಂಬತ್ತಕ್ಕೆ ಸುಮಾರು ಕಾಲು ಗಂಟೆ ಇರುವಾಗ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ಆತ ಗಳಿಗೆ ಸಮೇತ ಬರೆದಿಟ್ಟ. ಪ್ರಸಂಗಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ. ಮುಂದಿನ ವರ್ಷ ಜನವರಿ 4ರಂದು ಅದೇ ವೆಸ್ಲಿ ಅದೇ ದಿನಚರಿಯಲ್ಲಿ, ನಾನು ಈಗಲೂ ಕ್ರೈಸ್ತನಲ್ಲ ಎಂದು ಬರೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ತಾರೀಖು, ಗಂಟೆ, ಬೀದಿ ಎಲ್ಲವೂ ಗೊತ್ತಿದ್ದವನಿಗೆ ಏಳೇ ತಿಂಗಳಲ್ಲಿ ಹೀಗಾಯಿತು. ಅಂಗೀಕಾರವಾಗಿದೆಯೆಂಬ ಅರಿವು ನಂಬಿಕೆಗೆ ಅನಿವಾರ್ಯವೆಂದು ಮೊದಲು ಬೋಧಿಸುತ್ತಿದ್ದವನು 1768ರ ಹೊತ್ತಿಗೆ, ಆ ಅರಿವಿಲ್ಲದೆಯೂ ನಿಜವಾದ ನಂಬಿಕೆ ಇರಬಲ್ಲದೆಂದು ಒಪ್ಪಿಕೊಂಡಿದ್ದ. ಆ ಮೂವತ್ತು ವರ್ಷಗಳಲ್ಲಿ ಆತ ಎಷ್ಟು ಜನರ ಅಳುವನ್ನು ಕೇಳಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇನ್ನು ನಿಶ್ಚಯ ಎಲ್ಲಿಂದ ಎಂಬ ಮಾತು. ನಾನು ಬಹುಕಾಲ ಉಪನೋಂದಣಾಧಿಕಾರಿಗಳ ಕಚೇರಿಯ ಹೊರಗೆ ಪತ್ರ ಬರಹಗಾರನಾಗಿ ಕುಳಿತವನು. ಚಳ್ಳಕೆರೆ ಕಡೆಯ ಒಬ್ಬ ಮುದುಕರು ಎರಡೂವರೆ ಎಕರೆ ಕ್ರಯಕ್ಕೆ ಪಡೆದಿದ್ದರು. ಪತ್ರವನ್ನು ನಾನೇ ಬರೆದಿದ್ದೆ. ಆಮೇಲೆ ಸಂತೆಗೆ ಬಂದಾಗಲೆಲ್ಲ, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಆ ಪತ್ರವನ್ನು ಮೇಜಿನ ಮೇಲೆ ಬಿಚ್ಚಿ, "ಒಂದ್ಸಲ ಓದಿ ಹೇಳಿ ಸ್ವಾಮಿ, ಹೊಲ ನನ್ನ ಹೆಸರಲ್ಲೇ ಐತಾ?" ಎನ್ನುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಪತ್ರದ ಮಡಿಕೆಗಳು ಸವೆದು ಬೆಳಕು ಕಾಣುತ್ತಿತ್ತು. ಅವರು ಧೈರ್ಯವಾಗಿದ್ದ ದಿನ ಹೊಲ ಹೆಚ್ಚು ಅವರದಾಗಲಿಲ್ಲ, ಹೆದರಿದ ದಿನ ಕಡಿಮೆಯೂ ಆಗಲಿಲ್ಲ. ಕೊಟ್ಟವನ ರುಜು ಮತ್ತು ಕಚೇರಿಯ ಮೊಹರಿನ ಮೇಲೆ ಅದು ನಿಂತಿತ್ತು. ನೀವು ರಾತ್ರಿ ಒಂದು ಗಂಟೆಯವರೆಗೆ ಪರೀಕ್ಷಿಸುತ್ತಿರುವುದು ನಿಮ್ಮ ರುಜುವನ್ನು. ನನ್ನ ಬಳಿಗೆ ಬರುವವನನ್ನು ತಳ್ಳಿಬಿಡುವುದೇ ಇಲ್ಲವೆಂದು ಯೋಹಾನನ ಆರನೆಯ ಅಧ್ಯಾಯದಲ್ಲಿ ಸ್ವಾಮಿ ಹೇಳಿದ ಮಾತೇ ಇಲ್ಲಿ ಕೊಟ್ಟವನ ರುಜು. ಹೋಲಿಕೆ ಕೊನೆಯವರೆಗೆ ಹೊಂದುವುದಿಲ್ಲ ಬಿಡಿ; ನೋಂದಾಯಿತ ಪತ್ರದ ಮೇಲೂ ದಾವೆ ಹೂಡುವ ದಾಯಾದಿಗಳನ್ನು ನಾನು ಕಂಡಿದ್ದೇನೆ.

ಉತ್ತರ: ಬೆರೋಯದವನು

ಹಿರಿಯರ ಮಾತಿಗೆ ಬಹುಪಾಲು ನನ್ನ ಒಪ್ಪಿಗೆಯಿದೆ. ಆದರೂ ಅಜ್ಜಿಯ ಸೆರಗಿನ ವಿಷಯದಲ್ಲಿ ನಾನು ಇನ್ನಷ್ಟು ಎಚ್ಚರವಾಗಿ ಬರೆಯುತ್ತಿದ್ದೆ. ಹೆಸರಿಗೆ ಕ್ರೈಸ್ತರಾಗಿ, ಮದುವೆಗೂ ಮಣ್ಣಿಗೂ ಮಾತ್ರ ಸಭೆಯನ್ನು ನೆನೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರನ್ನು ಎಬ್ಬಿಸಲೆಂದು ಬೋಧಕರು ಗಟ್ಟಿಯಾಗಿ ಕೂಗುತ್ತಾರೆ. ದುರದೃಷ್ಟವೆಂದರೆ ಅವರು ಏಳುವುದಿಲ್ಲ, ಮೊದಲೇ ಎಚ್ಚರವಿದ್ದ ನಿಮ್ಮಂಥವರು ಬೆಚ್ಚಿಬೀಳುತ್ತೀರಿ. ಕೈ ಎತ್ತಿಸಿ, ಚೀಟಿ ತುಂಬಿಸಿಕೊಂಡು, "ಇಂದಿನಿಂದ ನೀವು ರಕ್ಷಣೆ ಹೊಂದಿದಿರಿ" ಎಂದು ಹೇಳಿ ಕಳುಹಿಸುವ ಅಗ್ಗದ ನಿಶ್ಚಯವೂ ಅಷ್ಟೇ ಹಾನಿಕರವೆಂಬುದು ನನ್ನ ಅಭಿಪ್ರಾಯ.

ನಿಶ್ಚಯ ಸಾಧ್ಯವೇ ಎಂಬುದಕ್ಕೆ ಸತ್ಯವೇದದ ಉತ್ತರ ಸ್ಪಷ್ಟವಾಗಿದೆ. ಯೋಹಾನನು ತನ್ನ ಮೊದಲನೆಯ ಪತ್ರಿಕೆಯನ್ನು ಬರೆದ ಉದ್ದೇಶವನ್ನು ಐದನೆಯ ಅಧ್ಯಾಯದ 13ನೆಯ ವಚನದಲ್ಲಿ ತಾನೇ ಹೇಳುತ್ತಾನೆ: ದೇವಕುಮಾರನ ಹೆಸರಿನಲ್ಲಿ ನಂಬಿಕೆಯಿಟ್ಟವರಿಗೆ ನಿತ್ಯಜೀವ ಉಂಟೆಂಬುದು ತಿಳಿದಿರಬೇಕು. ಆ ಪತ್ರಿಕೆ ನಂಬಿದ ತಾರೀಖನ್ನು ಎಲ್ಲಿಯೂ ಕೇಳುವುದಿಲ್ಲ. ಅದು ಕೇಳುವ ಪ್ರಶ್ನೆಗಳೇ ಬೇರೆ: ಸಹೋದರರನ್ನು ಪ್ರೀತಿಸುತ್ತೀಯಾ, ಪಾಪವನ್ನು ಒಪ್ಪಿಕೊಳ್ಳುತ್ತೀಯಾ, ಕ್ರಿಸ್ತನನ್ನು ಅರಿಕೆಮಾಡುತ್ತೀಯಾ? ಇವೆಲ್ಲ ಹಿಂದೊಂದು ದಿನದ ಮಾತುಗಳಲ್ಲ, ಇಂದಿನವು. ಅಷ್ಟೂ ಆದ ಮೇಲೆ, ನಮ್ಮ ಹೃದಯವೇ ನಮ್ಮನ್ನು ದೋಷಿಯೆಂದು ಹೇಳಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನೆಂದು ಮೂರನೆಯ ಅಧ್ಯಾಯದಲ್ಲಿ ಬರೆದಿರುವುದು ನಿಮ್ಮಂಥವರಿಗಾಗಿಯೇ.

ಈಗ ನೀವು ಹೆದರುವ ಭಾಗಗಳಿಗೆ ಬರುತ್ತೇನೆ. ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಮೊದಲು ಕೇಳಿದವರು, ಹಿಂಸೆ ಮತ್ತು ಅವಮಾನಗಳಿಂದ ಬಳಲಿ, ಕ್ರಿಸ್ತನನ್ನು ಬಿಟ್ಟು ಹಿಂದಿರುಗುವ ಆಲೋಚನೆಯಲ್ಲಿದ್ದವರು. ಆರನೆಯ ಅಧ್ಯಾಯದ ಕಠಿಣ ಮಾತು, ತಿಳಿದು ತಿಳಿದು ಬೆನ್ನು ತಿರುಗಿಸಿ ಹೋಗುವುದನ್ನು ಕುರಿತದ್ದು. ಆ ಎಚ್ಚರಿಕೆಯನ್ನು ನಾನು ನೀರು ಬೆರೆಸಿ ತೆಳುವಾಗಿಸುವುದಿಲ್ಲ. ಅದರ ಕುರಿತು ಪಂಡಿತರಲ್ಲಿ ಭಿನ್ನಮತವೂ ಇದೆ. ಕ್ಯಾಲ್ವಿನ್‌ನ ಪರಂಪರೆಯವರು 1618–19ರಲ್ಲಿ ನೆದರ್ಲೆಂಡ್ಸಿನಲ್ಲಿ ಸೇರಿದ ಡಾರ್ಟ್ ಮಹಾಸಭೆ, ನಿಜವಾದ ವಿಶ್ವಾಸಿಯನ್ನು ದೇವರು ಕೊನೆಯವರೆಗೂ ಕಾಪಾಡುತ್ತಾನೆಂದು ತೀರ್ಮಾನಿಸಿತು. ವೆಸ್ಲಿಯ ಪರಂಪರೆಯವರು ಬಿದ್ದುಹೋಗುವುದೂ ಸಾಧ್ಯವೆನ್ನುತ್ತಾರೆ. ಆದರೆ ಎರಡು ಪಕ್ಷದವರೂ ಒಂದು ಮಾತನ್ನು ಒಪ್ಪುತ್ತಾರೆ: ಹಿಂದಿರುಗಿ ಬರಬೇಕೆಂದು ಅಳುತ್ತಿರುವವರನ್ನು ಹೊರಗೆ ಹಾಕಲು ಈ ವಚನ ಬರೆದದ್ದಲ್ಲ. ಮೂರು ಸಲ ಬಾಯಿಬಿಟ್ಟು ಅಲ್ಲಗಳೆದ ಪೇತ್ರನನ್ನೇ ಸ್ವಾಮಿ ತಿಬೇರಿಯ ಸಮುದ್ರದ ದಡದಲ್ಲಿ ಊಟಕ್ಕೆ ಕರೆದನು. ಇಬ್ರಿಯರ ಅದೇ ಆರನೆಯ ಅಧ್ಯಾಯವನ್ನು, ಧೈರ್ಯದ ಮಾತಿರುವ 9ನೆಯ ವಚನದವರೆಗೆ ದಯವಿಟ್ಟು ಓದಿ. ನೀವು ನಡುವೆ ಪುಸ್ತಕ ಮುಚ್ಚಿದ್ದೀರಿ.

ಮಾರ್ಕನ ಮೂರನೆಯ ಅಧ್ಯಾಯದಲ್ಲಿ ಶಾಸ್ತ್ರಿಗಳು, ಕಣ್ಣೆದುರು ನಡೆದ ಪವಿತ್ರಾತ್ಮನ ಕೆಲಸವನ್ನು ದೆವ್ವದ ಕೆಲಸವೆಂದು ತೀರ್ಮಾನಿಸಿ ಸಾರಿದರು. ಬೇಡವೆಂದರೂ ಮನಸ್ಸಿಗೆ ನುಗ್ಗುವ ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಮತ್ತಾಯನ ಏಳನೆಯ ಅಧ್ಯಾಯದಲ್ಲಿ "ನಾನು ನಿಮ್ಮನ್ನು ಎಂದೂ ಅರಿಯೆನು" ಎಂಬ ಮಾತು ಕೇಳಬೇಕಾದವರನ್ನು ಗಮನಿಸಿದ್ದೀರಾ? ಅವರಲ್ಲಿ ಸಂಶಯದ ಸುಳಿವೇ ಇಲ್ಲ. ಪ್ರವಾದನೆ, ದೆವ್ವ ಬಿಡಿಸಿದ್ದು, ಮಹತ್ಕಾರ್ಯ ಎಂದು ತಮ್ಮ ಸಾಧನೆಯ ಪಟ್ಟಿಯನ್ನು ಧೈರ್ಯವಾಗಿ ಒಪ್ಪಿಸುತ್ತಾರೆ.

ಕರ್ತನ ಭೋಜನದ ವಿಷಯದಲ್ಲಂತೂ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ಕೊರಿಂಥದಲ್ಲಿ ಉಳ್ಳವರು ಮುಂದಾಗಿ ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲನು "ಅಯೋಗ್ಯವಾಗಿ" ಎಂದದ್ದು ತಿನ್ನುವ ಆ ರೀತಿಯನ್ನು ಕುರಿತು. ಯೋಗ್ಯರು ಮಾತ್ರ ಬರಲಿ ಎಂದಿದ್ದರೆ ಮೇಜು ಖಾಲಿಯಿರುತ್ತಿತ್ತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದ 28ನೆಯ ವಚನ ಹೇಳುವುದು, ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು. ಪರೀಕ್ಷಿಸಿಕೊಂಡು ದೂರ ಕೂರಲಿ ಎಂದಲ್ಲ.

ಕಡೆಯದಾಗಿ, ನನ್ನ ಊರು ಭದ್ರಾ ನಾಲೆಯ ಕೊನೆಯ ಭಾಗದಲ್ಲಿದೆ. ಅಣೆಕಟ್ಟಿನಲ್ಲಿ ನೀರು ಬಿಟ್ಟ ದಿನವೇ ಮೇಲಿನವರ ಗದ್ದೆ ತುಂಬುತ್ತದೆ, ನಮ್ಮ ತೂಬಿಗೆ ಬರುವಷ್ಟರಲ್ಲಿ ಎಷ್ಟೋ ದಿನ ಕಳೆದಿರುತ್ತದೆ. ಹಾಗೆಂದು ನಾವು ಅಚ್ಚುಕಟ್ಟಿನ ಹೊರಗಿನವರಲ್ಲ. ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನ್, ನಂಬಿಕೆಯನ್ನು ದೃಢವಾದ, ನಿಶ್ಚಿತವಾದ ಅರಿವೆಂದು ಕರೆದವನು; ಆತನೂ ಸಂಶಯ ಸೋಕದ ನಿಶ್ಚಯವನ್ನು ತಾನು ಊಹಿಸಲಾರೆನೆಂದು ಒಪ್ಪಿದ. ಅವನ ದಾರಿಯಲ್ಲೇ ಬಂದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ ಹದಿನೆಂಟನೆಯ ಅಧ್ಯಾಯ, ನಿಜವಾದ ವಿಶ್ವಾಸಿಯೂ ಈ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾಗಬಹುದೆಂದು ಹೇಳುತ್ತದೆ.

ಉತ್ತರ: ವಿಜಯದ ಧ್ವನಿ

ಪ್ರೈಸ್ ದ ಲಾರ್ಡ್. ಇಷ್ಟೊಂದು ಪುಸ್ತಕದ ಮಾತು ಏಕೆ? ಸಂಶಯವೆಂಬುದು ಸೈತಾನನ ಬಾಣ. ಸಹೋದರಿಯವರು ಇಪ್ಪತ್ತೊಂದು ದಿನ ಉಪವಾಸವಿದ್ದು ಪ್ರಾರ್ಥಿಸಲಿ. ಬಿಡುಗಡೆ ಸಿಗುವವರೆಗೂ ದೇವರನ್ನು ಬಿಡಬಾರದು.

ಉತ್ತರ: ಹರಿಹರದ ಯಾತ್ರಿಕ

ನಾನು ಕಥೋಲಿಕ, ಹೊರಗಿನವನು ನಡುವೆ ಬಾಯಿ ಹಾಕಿದನೆಂದು ಭಾವಿಸಬೇಡಿ. ಮೇಲಿನ ಉಪವಾಸದ ಸಲಹೆಯನ್ನು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಯೇಸುಸಭೆಯ ಸಂಸ್ಥಾಪಕರಾದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾ ಎಂಬ ಊರಿನಲ್ಲಿದ್ದಾಗ ಈ ಅಕ್ಕನವರ ಸ್ಥಿತಿಯಲ್ಲಿಯೇ ಇದ್ದರು. ಹಳೆಯ ಪಾಪಗಳನ್ನೆಲ್ಲ ಬರೆದು ನಿವೇದಿಸಿದ ಮೇಲೂ, ಒಂದನ್ನು ಬಿಟ್ಟೆನೇನೋ, ಸರಿಯಾಗಿ ಹೇಳಲಿಲ್ಲವೇನೋ ಎಂದು ಮತ್ತೆ ಮತ್ತೆ ಪಾಪನಿವೇದನೆಗೆ ಹೋಗುತ್ತಿದ್ದರು. ದೇವರು ಸಮಾಧಾನ ಕೊಡುವವರೆಗೂ ಉಣ್ಣುವುದಿಲ್ಲವೆಂದು ಹಟ ಹಿಡಿದು ಒಂದು ವಾರ ಉಪವಾಸ ಕುಳಿತರು. ಸಮಾಧಾನ ಬರಲಿಲ್ಲ. ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಉಪವಾಸವನ್ನು ಮುರಿಯಲು ಆಜ್ಞಾಪಿಸಿದರು. ಎರಡು ದಿನ ಹಗುರವಾಗಿ, ಮೂರನೆಯ ದಿನ ಶಂಕೆಗಳು ಮರಳಿದವು. ಕೊನೆಗೆ ಅವರು ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದನ್ನೇ ನಿಲ್ಲಿಸಿದರು. ಬಿಡುಗಡೆ ಅಲ್ಲಿಂದ ಆರಂಭವಾಯಿತು. ಮನಸ್ಸಾಕ್ಷಿಯ ಈ ಅತಿಶಂಕೆಯನ್ನು ನಮ್ಮ ಪರಂಪರೆ ಭಕ್ತಿಯ ಗುರುತೆಂದು ಎಣಿಸುವುದಿಲ್ಲ. ಪಾದದ ಕೆಳಗೆ ಸೇರಿಕೊಂಡ ಹರಳಿನಂತೆ ನಡಿಗೆಯನ್ನು ಕೆಡಿಸುವ ಸಂಗತಿಯೆಂದು ಕಾಣುತ್ತದೆ.

ನಿಶ್ಚಯದ ಬಗ್ಗೆ ನಮ್ಮ ಬೋಧನೆ ನಿಮ್ಮದಕ್ಕಿಂತ ಬೇರೆ. 1547ರಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ, ತಾನು ಕೃಪೆಯಲ್ಲಿದ್ದೇನೆಂಬುದನ್ನು ತಪ್ಪಿಗೆ ಅವಕಾಶವೇ ಇಲ್ಲದ ವಿಶ್ವಾಸದ ನಿಶ್ಚಯದಿಂದ ಯಾರೂ ತಿಳಿಯಲಾರರು ಎಂದು ಹೇಳಿತು. ಕೇಳಿದೊಡನೆ ಇದು ಕಠಿಣವೆನಿಸುತ್ತದೆ. ಆದರೆ ದೇವರ ಕರುಣೆಯನ್ನೂ ಕ್ರಿಸ್ತರ ಪುಣ್ಯಫಲವನ್ನೂ ಯಾರೂ ಸಂಶಯಿಸಬಾರದೆಂದು ಅದೇ ಅಧ್ಯಾಯದಲ್ಲಿದೆ. ತನ್ನ ದೌರ್ಬಲ್ಯದ ಕಡೆ ನೋಡಿದಾಗ ಮಾತ್ರ ಭಯ ಸಹಜ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ಒಕ್ಕೂಟ ಸಹಿ ಮಾಡಿದ ಜಂಟಿ ಘೋಷಣೆಯಲ್ಲಿ ರಕ್ಷಣೆಯ ನಿಶ್ಚಯಕ್ಕೆಂದೇ ಒಂದು ಭಾಗವಿದೆ. ಸ್ವಂತ ಅನುಭವದಿಂದ ಕಣ್ಣು ತೆಗೆದು ಕ್ರಿಸ್ತರ ವಾಗ್ದಾನದ ಕಡೆ ನೋಡಬೇಕೆಂಬ ಮಾತಿನಲ್ಲಿ ಎರಡೂ ಕಡೆಯವರು ಅಲ್ಲಿ ಸೇರುತ್ತಾರೆ. 2006ರಲ್ಲಿ ಮೆಥಡಿಸ್ಟರೂ ಆ ಘೋಷಣೆಗೆ ಒಪ್ಪಿದರು. ದುರ್ಗದ ಹಿರಿಯರು ಹೇಳಿದ ರುಜುವಿನ ಮಾತು ಇದಕ್ಕೆ ಬಹಳ ದೂರವಿಲ್ಲ.

ನಮ್ಮ ನುಡಿಯಲ್ಲಿ "ಭರವಸೆ" ಎಂಬ ಪದ ನನಗೆ "ನಿಶ್ಚಯ"ಕ್ಕಿಂತ ಹೆಚ್ಚು ಹಿಡಿಸುತ್ತದೆ. ಭರವಸೆ ಕೊಡುವವನು ಒಬ್ಬ, ಇಡುವವನು ಇನ್ನೊಬ್ಬ. ಎರಡಕ್ಕೂ ಒಂದೇ ಮಾತು. ಪ್ರತಿ ವರ್ಷ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬಕ್ಕೆ ಇಲ್ಲಿಗೆ ಬರುವ ಮಂದಿಯನ್ನು ನೋಡುತ್ತೇನೆ. ಕೈಯಲ್ಲಿ ಮೇಣದ ಬತ್ತಿ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಅಂಗೈ ಅಡ್ಡ ಹಿಡಿದು ಸಾಲಿನಲ್ಲಿ ನಿಂತವರನ್ನು ನಿಲ್ಲಿಸಿ, ನಿಮಗೆ ನಿಶ್ಚಯವಿದೆಯೇ ಎಂದು ಕೇಳಿದರೆ ಬಹುಶಃ ತಬ್ಬಿಬ್ಬಾಗುತ್ತಾರೆ. ಜೋನ್ ಆಫ್ ಆರ್ಕ್ ಎಂಬ ಓದುಬರಹ ಬಾರದ ಹುಡುಗಿಯನ್ನು 1431ರ ವಿಚಾರಣೆಯಲ್ಲಿ ಪಂಡಿತರು ಸಿಕ್ಕಿಸಲೆಂದೇ, ನೀನು ದೇವರ ಕೃಪೆಯಲ್ಲಿದ್ದೀಯಾ ಎಂದು ಕೇಳಿದರು. ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಅಲ್ಲಿಯೇ ಇರಿಸಲಿ ಎಂದಳು. ರಾತ್ರಿಯ ಪ್ರಾರ್ಥನೆಗೆ ಈ ಒಂದು ವಾಕ್ಯ ಸಾಲದೇ, ಅಕ್ಕ?

ಉತ್ತರ: ರಾತ್ರಿಪಾಳಿ

ನಾನು ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗದಲ್ಲಿ ಶುಶ್ರೂಷಕಿ, ವಿಶ್ವಾಸಿಯೂ ಹೌದು. ಅಕ್ಕನವರ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ದೇವಶಾಸ್ತ್ರದ ಪ್ರಶ್ನೆಯಲ್ಲ, "ಮತ್ತೆ ಮೊದಲಿನಿಂದ" ಎಂಬ ಮಾತು.

ಬಾಗಿಲಿಗೆ ಬೀಗ ಹಾಕಿದ್ದು ಗೊತ್ತಿದ್ದೂ ಹತ್ತು ಸಲ ಎಳೆದು ನೋಡುವವರನ್ನು, ಗ್ಯಾಸ್ ಆರಿಸಿದ್ದನ್ನು ನೋಡಲು ಬಸ್ ನಿಲ್ದಾಣದಿಂದ ಮನೆಗೆ ವಾಪಸಾಗುವವರನ್ನು ನೀವೆಲ್ಲ ಕಂಡಿರಬಹುದು. ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ, ಒಸಿಡಿ ಎಂದರೆ ಹೆಚ್ಚು ಜನಕ್ಕೆ ತಿಳಿಯುತ್ತದೆ. ಕೆಲವರಲ್ಲಿ ಅದು ಬೀಗವನ್ನು ಹಿಡಿಯುತ್ತದೆ, ಕೆಲವರಲ್ಲಿ ಮಡಿ-ಮೈಲಿಗೆಯನ್ನು, ಕೆಲವರಲ್ಲಿ ಪಾಪ ಮತ್ತು ರಕ್ಷಣೆಯನ್ನು. ಮನುಷ್ಯನಿಗೆ ಯಾವುದು ಅತಿ ಪ್ರಿಯವೋ ಅದನ್ನೇ ಹಿಡಿಯುವುದು ಹೆಚ್ಚು. ತಾಯಿಗೆ ಮಗುವಿನ ಕುರಿತು, ಭಕ್ತರಿಗೆ ದೇವರ ಕುರಿತು ಬೇಡದ ಆಲೋಚನೆಗಳು ನುಗ್ಗುತ್ತವೆ. ಅವು ನಿಮ್ಮ ಇಚ್ಛೆಯಲ್ಲ. ನಾನು ವೈದ್ಯಳಲ್ಲ, ಪರದೆಯ ಮೇಲೆ ಪತ್ರವೊಂದನ್ನು ಓದಿ ಕಾಯಿಲೆಯ ಹೆಸರು ಇಡುವ ಅಧಿಕಾರ ನನಗಿಲ್ಲ. ಆದರೆ ಎರಡು ವರ್ಷಗಳಿಂದ ನಿದ್ದೆ ಕೆಡುತ್ತಿರುವವರು ಮನೋವೈದ್ಯರನ್ನು ಕಾಣಲೇಬೇಕು. ಔಷಧಿಯಿದೆ, ಔಷಧಿಯಷ್ಟೇ ಕೆಲಸ ಮಾಡುವ ತರಬೇತಿಯೂ ಇದೆ: ಸಂಶಯ ಬಂದಾಗ ಅದನ್ನು ಶಮನ ಮಾಡುವ ಆ ಕ್ರಿಯೆಯನ್ನು ಮಾಡದೆ, ಆತಂಕ ತಾನಾಗಿ ಇಳಿಯುವವರೆಗೆ ತಡೆದುಕೊಳ್ಳುವುದನ್ನು ಹಂತಹಂತವಾಗಿ ಕಲಿಸುತ್ತಾರೆ. ಇಗ್ನೇಷಿಯಸರು ನಿವೇದನೆಯನ್ನು ನಿಲ್ಲಿಸಿದ್ದನ್ನು ಓದಿದಾಗ ನನಗೆ ಇದೇ ನೆನಪಾಯಿತು. ನೇರವಾಗಿ ಹೋಗಲು ಸಂಕೋಚವಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಇಲ್ಲಿ ಬರೆಯುತ್ತಿರುವ ಎಲ್ಲರಿಗೂ ಒಂದು ಅಹಿತವಾದ ಮಾತು. ಗೀಳಿರುವವರಿಗೆ ಒಳ್ಳೆಯ ಉತ್ತರವೂ ಒಂದು ಗೀಟೆಳೆದ ತಾರೀಖಿನಂತೆಯೇ ಆಗುತ್ತದೆ. ಇಂದು ಸಮಾಧಾನ, ನಾಳೆ ಇನ್ನೊಂದು ಉತ್ತರ ಬೇಕು. ಆದ್ದರಿಂದ ಅಕ್ಕನವರು ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಿದರೆ, ಪ್ರೀತಿಯಿದ್ದವರು ಮತ್ತೆ ಉತ್ತರಿಸಬಾರದು. ವಿಜಯದ ಧ್ವನಿಯವರೇ, ನಿದ್ದೆಯಿಲ್ಲದವರಿಗೆ ಊಟವನ್ನೂ ಬಿಡಿಸಬೇಡಿ.

ಬೆರೋಯದವನು: ಒಂದು ಆಕ್ಷೇಪ. ಪಾಪದ ಅರಿವನ್ನೆಲ್ಲ ಕಾಯಿಲೆಯೆಂದುಬಿಟ್ಟರೆ ಪಶ್ಚಾತ್ತಾಪಕ್ಕೆ ಅರ್ಥವೇನುಳಿಯುತ್ತದೆ?

ರಾತ್ರಿಪಾಳಿ: ಎಲ್ಲವನ್ನೂ ಎಂದು ನಾನು ಹೇಳಲಿಲ್ಲ. ಪಶ್ಚಾತ್ತಾಪಪಟ್ಟವರು ಎದ್ದು ಮನೆಗೆ ಹೋಗುತ್ತಾರೆ, ಯೇಸುಸ್ವಾಮಿಯ ಸಾಮ್ಯದಲ್ಲಿ ದೇವಾಲಯದಲ್ಲಿ ಪ್ರಾರ್ಥಿಸಿ ಹೋದ ಸುಂಕದವನಂತೆ. ಇವರು ಎರಡು ವರ್ಷಗಳಿಂದ ದೇವಾಲಯದ ಮೆಟ್ಟಿಲಲ್ಲೇ ಇದ್ದಾರೆ.

ಬೆರೋಯದವನು: ಒಪ್ಪಿದೆ. ಲೂಕನ ಹದಿನೆಂಟನೆಯ ಅಧ್ಯಾಯವನ್ನು ಹೀಗೆ ಓದಿರಲಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ: ದಾವಣಗೆರೆಯ ಶಿಕ್ಷಕಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಉತ್ತರಗಳನ್ನೂ ಓದಿದೆ. ಕೆಲವನ್ನು ಎಷ್ಟು ಸಲ ಓದಿದೆನೆಂದರೆ, ರಾತ್ರಿಪಾಳಿಯವರ ಕೊನೆಯ ಮಾತು ನೆನಪಾಗಿ ನಾಚಿಕೆಯಾಯಿತು.

ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಮೊಣಕಾಲಿನ ಸುಳ್ಳನ್ನೂ ಹೇಳಿದೆ. ಅವರು ಅದಕ್ಕೆಂದು ಎಣ್ಣೆ ತಂದಿಟ್ಟಿದ್ದರು. ಮರುದಿನ ಇಬ್ಬರೂ ಸಭಾಪಾಲಕರ ಮನೆಗೆ ಹೋದೆವು. ಅಯ್ಯನವರು ಗದರಿಸುತ್ತಾರೆಂದು ಭಾವಿಸಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ತಮಗೂ ಒಂದು ವರ್ಷ ಹೀಗೆಯೇ ಆಗಿತ್ತೆಂದೂ ಅದನ್ನು ಯಾವ ಪ್ರಸಂಗದಲ್ಲಿಯೂ ಹೇಳುವ ಧೈರ್ಯ ತಮಗೆ ಬಂದಿಲ್ಲವೆಂದೂ ಹೇಳಿದರು. ಸಂಡೇ ಸ್ಕೂಲ್ ಬಿಡುತ್ತೇನೆಂದು ನಾನು ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೊದಲ ಭಾನುವಾರದಂದು ಕರ್ತನ ಭೋಜನವಿತ್ತು. ಎದ್ದು ಹೋಗಿ ಮೊಣಕಾಲೂರಿದಾಗ ಆ ಕೆಟ್ಟ ಮಾತುಗಳು ನುಗ್ಗಿಯೇ ನುಗ್ಗಿದವು. ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು; ಬಲಗೈಯ ಕೆಳಗೆ ಎಡಗೈ ಇಟ್ಟು ಚಾಚಿದ್ದ ಅವರ ಅಂಗೈ ನಡುಗುತ್ತಿತ್ತು, ರೊಟ್ಟಿಯ ಚೂರು ಬೀಳದಂತೆ ಅಯ್ಯನವರು ತಮ್ಮ ಕೈಯನ್ನು ಅದರ ಕೆಳಗೆ ಹಿಡಿದು ಇಟ್ಟರು. ಆಮೇಲೆ ನನ್ನ ಸರದಿ ಬಂತು, ತಿಂದೆ. ಹೃದಯ ಬೆಚ್ಚಗಾಗಲಿಲ್ಲ. ದ್ರಾಕ್ಷಾರಸ ಸ್ವಲ್ಪ ಹುಳಿಯಾಗಿತ್ತು ಎಂಬುದಷ್ಟೇ ನೆನಪಿದೆ.

ವೈದ್ಯರನ್ನು ಒಮ್ಮೆ ಕಂಡಿದ್ದೇನೆ, ಮುಂದಿನ ಮಂಗಳವಾರ ಮತ್ತೆ ಹೋಗಬೇಕು. ರಾತ್ರಿ ಪ್ರಾರ್ಥನೆಯನ್ನು ಒಂದೇ ಸಲ ಹೇಳಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ಏಳು ರಾತ್ರಿಗಳಲ್ಲಿ ನಾಲ್ಕು ರಾತ್ರಿ ಅದು ಸಾಧ್ಯವಾಯಿತು. ತಾರೀಖುಗಳ ಆ ಪುಟವನ್ನು ಹರಿಯಲು ಹೋಗಿ, ಹರಿಯುವುದೂ ಇನ್ನೊಂದು ಗೀಟೇ ಅಲ್ಲವೇ ಎನಿಸಿ ಹಾಗೆಯೇ ಬಿಟ್ಟೆ.

ಇಬ್ರಿಯರ ಪತ್ರಿಕೆಯ ಹತ್ತನೆಯ ಅಧ್ಯಾಯದ ಕುರಿತು ಬೆರೋಯದವರಿಗೆ ಒಂದು ಪ್ರಶ್ನೆಯನ್ನು ಇಲ್ಲಿ ಬರೆದಿದ್ದೆ. ಈಗ ತಾನೇ ಅಳಿಸಿದೆ. ನಾಳೆ ಬೆಳಿಗ್ಗೆ ಶಾಲೆಯಿದೆ, ಮಲಗುತ್ತೇನೆ.